ಸ್ಯಾಗ್-ಆಫ್ಟ್ರಾ ಕಾರ್ಡ್: ಅಮೆರಿಕದಲ್ಲಿ ನಟಿಸಬೇಕು ಎನ್ನುವ ಕನ್ನಡಿಗರಿಗೆ ಹಂತ ಹಂತದ ಮಾಹಿತಿ

ಕನ್ನಡ ಸಂಘದ ನಾಟಕ ಮುಗಿದು ಮೇಕಪ್ ಒರೆಸಿಕೊಳ್ಳುವಾಗ ಯಾರಾದರೂ ಒಬ್ಬರು ಬಂದು ಕೇಳಿಯೇ ಕೇಳುತ್ತಾರೆ. "ನನಗೂ ಇಲ್ಲಿನ ಸಿನಿಮಾ, ಸೀರೀಸ್‌ನಲ್ಲಿ ಸಣ್ಣ ಪಾತ್ರ ಮಾಡಬೇಕು ಅಂತ ಆಸೆ. ಸ್ಯಾಗ್ ಕಾರ್ಡ್ ಮಾಡಿಸೋದು ಹೇಗೆ? ಎಷ್ಟು ದುಡ್ಡು? ಮಗಳಿಗೂ ಮಾಡಿಸಬಹುದಾ?" ಯುಗಾದಿ ಊಟದ ಸಾಲಿನಲ್ಲೂ ಇದೇ ಪ್ರಶ್ನೆ, ವಾಟ್ಸ್ಆ್ಯಪ್‌ನಲ್ಲೂ ಇದೇ. ಪ್ರತಿ ಸಲ ತುಂಡು ತುಂಡಾಗಿ ಉತ್ತರ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಡೋಣ ಎಂದು ಕೂತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. ಈ ಕಾರ್ಡ್ ಎಂದರೆ ಸ್ಯಾಗ್-ಆಫ್ಟ್ರಾ ಎಂಬ ಕಲಾವಿದರ ಸಂಘದ ಸದಸ್ಯತ್ವ. ಇದನ್ನು ಡ್ರೈವಿಂಗ್ ಲೈಸೆನ್ಸ್ ಥರ ಹೋಗಿ ಮಾಡಿಸಿಕೊಂಡು ಬರಲು ಆಗುವುದಿಲ್ಲ. ಕೆಲಸ ಮಾಡಿ ಅರ್ಹತೆ ಗಳಿಸಬೇಕು. ಅರ್ಹತೆ ಬಂದ ಮರುದಿನವೇ ಸೇರಲೇಬೇಕು ಅಂತಲೂ ಇಲ್ಲ. ಯಾವಾಗ ಸೇರಬೇಕು ಎನ್ನುವುದೇ ಇಲ್ಲಿ ದೊಡ್ಡ ತೀರ್ಮಾನ. ನಮ್ಮವರು ಜಾಸ್ತಿ ಎಡವುವುದೂ ಅಲ್ಲೇ.

ಇದು ಯಾರ ಸಂಘ?

ಸ್ಯಾಗ್-ಆಫ್ಟ್ರಾ ಎಂದರೆ ಕ್ಯಾಮೆರಾ ಮತ್ತು ಮೈಕ್ ಮುಂದೆ ಕೆಲಸ ಮಾಡುವವರ ಕಾರ್ಮಿಕ ಸಂಘ. ಸಿನಿಮಾ ನಟರ ಸಂಘ ಸ್ಯಾಗ್ ಹುಟ್ಟಿದ್ದು 1933ರಲ್ಲಿ, ಹಾಲಿವುಡ್‌ನಲ್ಲಿ. ಆಗ ಸ್ಟುಡಿಯೋಗಳಲ್ಲಿ ಕೆಲಸದ ಗಂಟೆಗೆ ಮಿತಿ ಅನ್ನುವುದೇ ಇರಲಿಲ್ಲ. ನಿರ್ಮಾಪಕರ ಜೊತೆ ಮೊದಲ ಒಪ್ಪಂದ ಆಗಲು 1937ರವರೆಗೆ ಕಾಯಬೇಕಾಯಿತು. ಅದೇ 1937ರಲ್ಲಿ ರೇಡಿಯೋ ಕಲಾವಿದರು ಕಟ್ಟಿಕೊಂಡ ಸಂಘ ಮುಂದೆ ಟಿವಿಯನ್ನೂ ಸೇರಿಸಿಕೊಂಡು ಆಫ್ಟ್ರಾ ಆಯಿತು. 2012ರ ಮಾರ್ಚ್ 30ರಂದು ಎರಡೂ ಒಂದಾದವು. ಈಗ ಸುಮಾರು 1,60,000 ಸದಸ್ಯರಿದ್ದಾರೆ. ನಟರು ಮಾತ್ರ ಅಲ್ಲ, ಸ್ಟಂಟ್ ಮಾಡುವವರು, ಧ್ವನಿ ಕೊಡುವವರು, ರೇಡಿಯೋ ನಿರೂಪಕರು, ಟಿವಿ ಸುದ್ದಿಯವರು, ಹಾಡುಗಾರರೂ ಇದ್ದಾರೆ.

ನಮ್ಮ ಗಾಂಧಿನಗರದ ಪರಿಚಯ ಇರುವವರು ಇದನ್ನು ವಾಣಿಜ್ಯ ಮಂಡಳಿಗೆ ಹೋಲಿಸುವುದುಂಟು. ಹೋಲಿಕೆ ಸರಿಯಲ್ಲ. ವಾಣಿಜ್ಯ ಮಂಡಳಿ ನಿರ್ಮಾಪಕರು, ವಿತರಕರು, ಪ್ರದರ್ಶಕರ ಸಂಸ್ಥೆ, ಅಂದರೆ ದುಡ್ಡು ಹಾಕುವವರದ್ದು. ಸ್ಯಾಗ್-ಆಫ್ಟ್ರಾ ದುಡಿಯುವವರದ್ದು. ಇಲ್ಲಿ ಮೇಜಿನ ಆ ಕಡೆ ಕೂರುವ ಸ್ಟುಡಿಯೋಗಳ ಒಕ್ಕೂಟದ ಹೆಸರು ಎಎಂಪಿಟಿಪಿ.

ಇನ್ನೊಂದು ಮಾತು. ಈ ಸಂಘ ಯಾರಿಗೂ ಕೆಲಸ ಕೊಡಿಸುವುದಿಲ್ಲ. ಸಿಕ್ಕ ಕೆಲಸದಲ್ಲಿ ಅನ್ಯಾಯ ಆಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಆ "ಅಷ್ಟೇ" ಎಷ್ಟು ದೊಡ್ಡದು ಎನ್ನುವುದು ಹಂತ 6ರಲ್ಲಿ ಗೊತ್ತಾಗುತ್ತದೆ.

ಹಂತ 1: ಮೊದಲು ನಿಮ್ಮ ವೀಸಾ ನೋಡಿ

ಇದನ್ನು ಎಲ್ಲಕ್ಕಿಂತ ಮುಂದೆ ಇಟ್ಟಿದ್ದೇನೆ. ಬೇರೆ ಎಲ್ಲ ತಪ್ಪನ್ನೂ ತಿದ್ದಿಕೊಳ್ಳಬಹುದು, ಇದನ್ನು ತಿದ್ದಿಕೊಳ್ಳುವುದು ತುಂಬಾ ಕಷ್ಟ.

ನೀವು ಅಮೆರಿಕದ ಪ್ರಜೆಯಾಗಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮುಂದಿನ ಹಂತಕ್ಕೆ ಹೋಗಿ. ಎಚ್-1ಬಿ ವೀಸಾದಲ್ಲಿದ್ದರೆ ನಿಮಗೆ ವೀಸಾ ಮಾಡಿಸಿಕೊಟ್ಟ ಕಂಪನಿಯಲ್ಲಿ, ಆ ಕೆಲಸವನ್ನು ಮಾತ್ರ ಮಾಡಬಹುದು. ಶನಿವಾರ ಒಂದೇ ಒಂದು ದಿನ ಸೆಟ್‌ಗೆ ಹೋಗಿ ಗುಂಪಿನಲ್ಲಿ ನಿಂತು ಸಂಬಳ ತಗೊಂಡರೂ ಅದು ವೀಸಾ ನಿಯಮ ಮುರಿದಂತೆ. ಎಚ್-4ನಲ್ಲಿರುವವರಿಗೆ ಕೆಲಸದ ಅನುಮತಿ ಪತ್ರ, ಅಂದರೆ ಇಎಡಿ ಇದ್ದರೆ ಮಾತ್ರ ದಾರಿ ಇದೆ. ಎಫ್-1 ವಿದ್ಯಾರ್ಥಿಗಳು ಕ್ಯಾಂಪಸ್ ಹೊರಗೆ ಕೆಲಸ ಮಾಡಲು ಓದಿಗೆ ಸಂಬಂಧಪಟ್ಟ ಸಿಪಿಟಿ ಅಥವಾ ಒಪಿಟಿ ಎಂಬ ಕೆಲಸದ ಅನುಮತಿ ಬೇಕು. ಕಂಪ್ಯೂಟರ್ ಸೈನ್ಸ್ ಓದುವವರಿಗೆ ನಟನೆಯ ಕೆಲಸ ಅದರಲ್ಲಿ ಬರುವುದಿಲ್ಲ.

"ದುಡ್ಡು ತಗೊಳ್ಳಲ್ಲ, ಸುಮ್ನೆ ಮಾಡ್ತೀನಿ" ಎಂದರೆ ಪರವಾಗಿಲ್ಲವೇ ಎಂದು ಕೇಳುತ್ತಾರೆ. ಬೇರೆಯವರು ಸಂಬಳಕ್ಕೆ ಮಾಡುವ ಕೆಲಸವನ್ನು ನೀವು ಪುಕ್ಕಟೆ ಮಾಡಿದರೂ ಅದನ್ನು ಕೆಲಸ ಎಂದೇ ಲೆಕ್ಕ ಹಾಕುವ ಸಾಧ್ಯತೆ ಇದೆ. ವಲಸೆ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ಹತ್ತು ವರ್ಷದಿಂದ ಕಾಯುತ್ತಿರುವ ಗ್ರೀನ್ ಕಾರ್ಡ್ ಸಾಲನ್ನು ಒಂದು ದಿನದ ಆಸೆಗೆ ಒಡ್ಡುವುದು ಬೇಡ.

ಮೊದಲ ದಿನ ಸೆಟ್‌ನಲ್ಲಿ ಐ-9 ಎನ್ನುವ ಫಾರ್ಮ್ ತುಂಬಿಸುತ್ತಾರೆ. ನಿಮಗೆ ಇಲ್ಲಿ ಕೆಲಸ ಮಾಡಲು ಹಕ್ಕಿದೆ ಎಂದು ತೋರಿಸುವ ಫಾರ್ಮ್ ಅದು. ಅಮೆರಿಕದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಅಥವಾ ಇಎಡಿ, ಯಾವುದು ಅನ್ವಯಿಸುತ್ತದೋ ಅದರ ಅಸಲು ಪ್ರತಿ ಕೈಯಲ್ಲಿರಲಿ. ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ.

ಹಂತ 2: ನಿಮ್ಮ ಕೆಲಸ ಯಾವ ಸಂಘದ್ದು?

ಇಲ್ಲಿ ಕೆಲಸಕ್ಕೊಂದು ಸಂಘ. ರಂಗಭೂಮಿ ನಟರಿಗೆ ಮತ್ತು ಸ್ಟೇಜ್ ಮ್ಯಾನೇಜರ್‌ಗಳಿಗೆ 1913ರಲ್ಲಿ ಶುರುವಾದ ಆ್ಯಕ್ಟರ್ಸ್ ಈಕ್ವಿಟಿ. ಬರಹಗಾರರಿಗೆ ರೈಟರ್ಸ್ ಗಿಲ್ಡ್, ನಿರ್ದೇಶಕರು ಮತ್ತು ಸಹಾಯಕ ನಿರ್ದೇಶಕರಿಗೆ ಡೈರೆಕ್ಟರ್ಸ್ ಗಿಲ್ಡ್. ಲೈಟು, ಕ್ಯಾಮೆರಾ, ಮೇಕಪ್, ಎಡಿಟಿಂಗ್‌ನವರಿಗೆ ಐಯಾಟ್ಸಿ. ವಾದ್ಯ ನುಡಿಸುವವರಿಗೆ ಎಎಫ್‌ಎಂ. ಪತ್ರಿಕೆಯವರಿಗೆ ನ್ಯೂಸ್‌ಗಿಲ್ಡ್. ಕೆನಡಾದಲ್ಲಿರುವ ಕನ್ನಡಿಗರಿಗೆ ಸ್ಯಾಗ್ ಬದಲು ಆ್ಯಕ್ಟ್ರಾ ಎನ್ನುವ ಸಂಘವಿದೆ.

ಕನ್ನಡ ಸಂಘದ ನಾಟಕ, ಸಮ್ಮೇಳನದ ಕಾರ್ಯಕ್ರಮಗಳು ಸ್ಯಾಗ್-ಆಫ್ಟ್ರಾ ವ್ಯಾಪ್ತಿಗೆ ಬರುವುದಿಲ್ಲ. ಅವನ್ನು ಎಷ್ಟು ಮಾಡಿದರೂ ಅದರಿಂದ ಅರ್ಹತೆ ಸಿಗುವುದಿಲ್ಲ. ಸದಸ್ಯರಾದ ಮೇಲೆ ಮಾಡುವುದಕ್ಕೆ ಅಡ್ಡಿಯೂ ಇಲ್ಲ.

ಹಂತ 3: ಅರ್ಹತೆ ಗಳಿಸುವ ಮೂರು ದಾರಿ

ಮೊದಲು ಕೆಲವು ಪದ ತಿಳಿದುಕೊಳ್ಳೋಣ. ಸೆಟ್‌ನಲ್ಲಿ ಇವು ಕಿವಿಗೆ ಬೀಳುತ್ತಲೇ ಇರುತ್ತವೆ.

ಸಿಗ್ನೇಟರಿ: ಸಂಘದ ಒಪ್ಪಂದಕ್ಕೆ ಸಹಿ ಹಾಕಿರುವ ನಿರ್ಮಾಣ ಸಂಸ್ಥೆ.
ಪ್ರಿನ್ಸಿಪಲ್: ಡೈಲಾಗ್ ಇರುವ ಪಾತ್ರ. ಒಂದು ಸಾಲಿದ್ದರೂ ಸಾಕು.
ಬ್ಯಾಕ್‌ಗ್ರೌಂಡ್: ನಮ್ಮಲ್ಲಿ ಜೂನಿಯರ್ ಆರ್ಟಿಸ್ಟ್ ಅಂತೀವಲ್ಲ, ಅದು.
ವೋಚರ್: ಬ್ಯಾಕ್‌ಗ್ರೌಂಡ್‌ನವರಿಗೆ ಆ ದಿನದ ಕೆಲಸಕ್ಕೆ ಕೊಡುವ ಚೀಟಿ. ಸಂಬಳಕ್ಕೂ ಸಾಕ್ಷಿಗೂ ಅದೇ.
ಸ್ಕೇಲ್: ಒಪ್ಪಂದದಲ್ಲಿ ನಿಗದಿಯಾದ ಕನಿಷ್ಠ ಸಂಬಳ.

ಮೊದಲ ದಾರಿ: ಸಿಗ್ನೇಟರಿ ಸಂಸ್ಥೆಯ ಕೆಲಸದಲ್ಲಿ ಒಂದು ದಿನ ಪ್ರಿನ್ಸಿಪಲ್ ಆಗಿ ಕೆಲಸ ಮಾಡುವುದು. "ನಾನಿನ್ನೂ ಸದಸ್ಯ ಅಲ್ಲ, ನನಗೆ ಆ ಕೆಲಸ ಹೇಗೆ ಕೊಡುತ್ತಾರೆ?" ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ 1947ರ ಟಾಫ್ಟ್-ಹಾರ್ಟ್ಲೀ ಕಾಯ್ದೆಯಲ್ಲಿದೆ. ಸಂಘದ ಸದಸ್ಯರಾಗಿದ್ದರೆ ಮಾತ್ರ ಕೆಲಸ ಎಂದು ಮೊದಲೇ ಷರತ್ತು ಹಾಕುವುದನ್ನು ಆ ಕಾಯ್ದೆ ನಿಲ್ಲಿಸಿತು. ಹಾಗಾಗಿ ಸದಸ್ಯರಲ್ಲದವರನ್ನು ತೆಗೆದುಕೊಂಡ ನಿರ್ಮಾಪಕರು ಯಾಕೆ ಇವರೇ ಬೇಕಾಯಿತು ಎಂದು ಸಂಘಕ್ಕೆ ಒಂದು ವರದಿ ಕೊಡುತ್ತಾರೆ. ಸಾಮಾನ್ಯವಾಗಿ ಕೆಲಸದ ಮೊದಲ ದಿನದಿಂದ 15 ದಿನದ ಒಳಗೆ ಅದು ಹೋಗಬೇಕು. "ಅವರನ್ನ ಟಾಫ್ಟ್-ಹಾರ್ಟ್ಲೀ ಮಾಡಿದ್ರು" ಎಂದು ಸೆಟ್‌ನಲ್ಲಿ ಹೇಳುವುದು ಇದಕ್ಕೇ. ಕನ್ನಡ ಬರುವ ಅಜ್ಜಿಯ ಪಾತ್ರ ಬೇಕು, ಭರತನಾಟ್ಯ ಬರುವ ಹುಡುಗಿ ಬೇಕು ಎಂದಾಗ ನಮ್ಮವರಿಗೆ ಬಾಗಿಲು ತೆರೆಯುವುದು ಹೆಚ್ಚಾಗಿ ಈ ದಾರಿಯಲ್ಲೇ. ನಿಮಗೆ ಬರುವ ಭಾಷೆ, ನೃತ್ಯ, ವಾದ್ಯ ಎಲ್ಲವನ್ನೂ ರೆಸ್ಯುಮೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಮೃದಂಗ ಬರುತ್ತದೆ ಎನ್ನುವುದನ್ನು ಸಂಕೋಚದಿಂದ ಬಿಟ್ಟುಬಿಡಬೇಡಿ.

ಎರಡನೆಯ ದಾರಿ: ಸಂಘದ ಒಪ್ಪಂದದಡಿ ಮೂರು ದಿನ ಬ್ಯಾಕ್‌ಗ್ರೌಂಡ್ ಕೆಲಸ, ಅಂದರೆ ಮೂರು ಯೂನಿಯನ್ ವೋಚರ್. ಇಲ್ಲಿ ಗಮನಿಸಿ, ಸಿಗ್ನೇಟರಿ ಸಿನಿಮಾದಲ್ಲಿ ನಿಂತ ಮಾತ್ರಕ್ಕೆ ಯೂನಿಯನ್ ವೋಚರ್ ಸಿಗುವುದಿಲ್ಲ. ದಿನಕ್ಕೆ ಇಂತಿಷ್ಟು ಜನ ಸದಸ್ಯರನ್ನು ತೆಗೆದುಕೊಳ್ಳಬೇಕು ಎಂಬ ಲೆಕ್ಕ ಇರುತ್ತದೆ. ಅದು ತುಂಬಿದ ಮೇಲೆ ಬಂದವರಿಗೆ ಸಾದಾ ವೋಚರ್, ಸಂಬಳವೂ ಕಡಿಮೆ. ಆ ಸದಸ್ಯರಲ್ಲಿ ಯಾರೋ ಬರದೇ ಹೋದರೆ ಅವರ ವೋಚರ್ ಸದಸ್ಯರಲ್ಲದವರಿಗೆ ಸಿಗುವುದುಂಟು. ಸಮಯಕ್ಕೆ ಮುಂಚೆ ಬಂದು, ಹೇಳಿದ ಬಟ್ಟೆ ತಂದು, ಫೋನ್ ಒಳಗಿಟ್ಟುಕೊಂಡು ಕೂತವರಿಗೇ ಸಹಾಯಕ ನಿರ್ದೇಶಕರು ಅದನ್ನು ಕೊಡುವುದು ಜಾಸ್ತಿ. ಬ್ಯಾಕ್‌ಗ್ರೌಂಡ್‌ನಲ್ಲಿ ನಿಂತಿದ್ದವರಿಗೆ ನಿರ್ದೇಶಕರು ಅಲ್ಲೇ ಒಂದು ಸಾಲು ಡೈಲಾಗ್ ಕೊಟ್ಟರೆ ಅವರು ಪ್ರಿನ್ಸಿಪಲ್ ಆಗುತ್ತಾರೆ. ಇದಕ್ಕೆ ಅಪ್‌ಗ್ರೇಡ್ ಎನ್ನುತ್ತಾರೆ. ಅಂಥ ದಿನ ಹಳೆಯ ವೋಚರ್ ಹಿಡಿದು ಮನೆಗೆ ಬರಬೇಡಿ. ಹೊಸ ಕಾಂಟ್ರಾಕ್ಟ್ ಕೇಳಿ.

ಮೂರನೆಯ ದಾರಿ: ಆ್ಯಕ್ಟರ್ಸ್ ಈಕ್ವಿಟಿ, ಆ್ಯಕ್ಟ್ರಾದಂಥ ಸೋದರ ಸಂಘದಲ್ಲಿ ಒಂದು ವರ್ಷ ಸದಸ್ಯರಾಗಿದ್ದು, ಅಲ್ಲಿ ಒಮ್ಮೆಯಾದರೂ ಪ್ರಿನ್ಸಿಪಲ್ ಆಗಿ ಕೆಲಸ ಮಾಡಿರುವುದು. ಟೊರಾಂಟೊದಿಂದ ಈ ಕಡೆಗೆ ಬರುವವರಿಗೆ ಇದು ಉಪಯೋಗ.

ಇಲ್ಲಿನ ಅಪಾಯ: "500 ಡಾಲರ್ ಕೊಡಿ, ವೋಚರ್ ಕೊಡಿಸ್ತೀವಿ" ಎನ್ನುವವರು ಇದ್ದಾರೆ. "ಮಗುವಿನ ಮುಖ ಚೆನ್ನಾಗಿದೆ, ನಮ್ಮಲ್ಲೇ ಫೋಟೋ ತೆಗೆಸಿ, ನಮ್ಮಲ್ಲೇ ಕ್ಲಾಸ್ ಸೇರಿಸಿ, ಆಮೇಲೆ ಏಜೆಂಟ್ ಆಗ್ತೀವಿ" ಎಂದು ಮಾಲ್‌ಗಳಲ್ಲಿ ಹಿಡಿಯುವವರೂ ಇದ್ದಾರೆ. ಇಬ್ಬರಿಂದಲೂ ದೂರ ಇರಿ. ನಿಜವಾದ ಏಜೆಂಟ್ ಮುಂಗಡ ಕೇಳುವುದಿಲ್ಲ. ನೀವು ದುಡಿದದ್ದರಲ್ಲಿ ಶೇ. 10 ತೆಗೆದುಕೊಳ್ಳುತ್ತಾರೆ. ಹೀಗೆ ಮುಂಗಡ ಕಿತ್ತುಕೊಳ್ಳುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನಿಗೇ ವಿರುದ್ಧ. ಬ್ಯಾಕ್‌ಗ್ರೌಂಡ್ ಕೆಲಸಕ್ಕೆ 1925ರಿಂದ ಇರುವ ಸೆಂಟ್ರಲ್ ಕಾಸ್ಟಿಂಗ್‌ನಲ್ಲಿ ನೋಂದಣಿ ಪುಕ್ಕಟೆ.

ಹಂತ 4: ಈಗ ಸೇರಬೇಕಾ, ಕಾಯಬೇಕಾ?

ಅರ್ಹತೆ ಬಂತು. ಮನಸ್ಸು ಕುಣಿಯುತ್ತದೆ, ಸಹಜ. ಆದರೂ ಒಂದು ವಾರ ತಡೆಯಿರಿ.

ಮೊದಲ ಪ್ರಿನ್ಸಿಪಲ್ ಕೆಲಸದ ದಿನದಿಂದ 30 ದಿನ ನೀವು ಸದಸ್ಯರಾಗದೆಯೇ ಯೂನಿಯನ್ ಕೆಲಸ ಮಾಡಬಹುದು. ಆ ದಿನಗಳಲ್ಲಿ ನಿಮಗೂ ಅದೇ ಸ್ಕೇಲ್, ಅದೇ ರಕ್ಷಣೆ. 30 ದಿನ ದಾಟಿದ ಮೇಲೆ ಮತ್ತೊಂದು ಯೂನಿಯನ್ ಕೆಲಸ ಸಿಕ್ಕರೆ ಆಗ ಸೇರಲೇಬೇಕು. ಇದನ್ನೇ ಮಸ್ಟ್-ಜಾಯಿನ್ ಎನ್ನುತ್ತಾರೆ. ಟೆಕ್ಸಾಸ್, ಜಾರ್ಜಿಯಾ, ಫ್ಲೋರಿಡಾದಂಥ ರೈಟ್-ಟು-ವರ್ಕ್ ರಾಜ್ಯಗಳಲ್ಲಿ ಕೆಲಸಕ್ಕಾಗಿ ಸಂಘ ಸೇರಿ ಎಂದು ಒತ್ತಾಯಿಸುವಂತಿಲ್ಲ. ಅಟ್ಲಾಂಟಾ, ಡಾಲಸ್, ಆಸ್ಟಿನ್‌ನಲ್ಲಿರುವವರು ಇದನ್ನು ಗಮನಿಸಿ.

ಯಾಕೆ ಕಾಯಿರಿ ಅಂತೀನಿ ಎಂದರೆ, ಸದಸ್ಯರಾದ ಕ್ಷಣದಿಂದ ಯೂನಿಯನ್ ಅಲ್ಲದ ಕೆಲಸಕ್ಕೆ ನೀವು ಇಲ್ಲ ಎನ್ನಬೇಕು. ನಿಮ್ಮ ಊರಿನಲ್ಲಿ ನಡೆಯುವ ಸ್ಥಳೀಯ ಜಾಹೀರಾತು, ಕಂಪನಿ ವಿಡಿಯೋ, ಸಣ್ಣ ಬಜೆಟ್ ಸೀರೀಸ್ ಬಹುತೇಕ ಒಪ್ಪಂದದ ಹೊರಗೇ ಇದ್ದರೆ ಸೇರಿದ ಮೇಲೆ ಕೈ ಖಾಲಿಯಾಗುತ್ತದೆ. ನಟನೆ ಈಗ ತಾನೆ ಕಲಿಯುತ್ತಿದ್ದೀರಿ, ರೀಲ್‌ನಲ್ಲಿ, ಅಂದರೆ ನಿಮ್ಮ ನಟನೆಯ ತುಣುಕುಗಳ ವಿಡಿಯೋದಲ್ಲಿ, ತೋರಿಸಲು ಎರಡು ದೃಶ್ಯವೂ ಇಲ್ಲ ಎಂದಾದರೆ ಇನ್ನೂ ಸ್ವಲ್ಪ ದಿನ ಹೊರಗೇ ಕಲಿಯಿರಿ. ಲಾಸ್ ಏಂಜಲೀಸ್ ಅಥವಾ ನ್ಯೂಯಾರ್ಕ್ ಸುತ್ತಮುತ್ತ ಇದ್ದೀರಿ, ಏಜೆಂಟ್ ಇದ್ದಾರೆ, ಯೂನಿಯನ್ ಆಡಿಷನ್‌ಗೆ ಕರೆ ಬರುತ್ತಿದೆ ಎಂದಾದರೆ ತಡ ಮಾಡಬೇಡಿ.

ಫೈ-ಕೋರ್ ಎನ್ನುವ ಪದವನ್ನು ಯಾರಾದರೂ ಕಿವಿಯಲ್ಲಿ ಹಾಕುತ್ತಾರೆ. ಸದಸ್ಯತ್ವ ಬಿಟ್ಟುಕೊಟ್ಟು, ಚಂದಾದ ಬಹುಪಾಲು ಕಟ್ಟುತ್ತಾ, ಎರಡೂ ಥರದ ಕೆಲಸ ಮಾಡುವ ವ್ಯವಸ್ಥೆ ಅದು. ಕಾನೂನಿನಲ್ಲಿ ಅವಕಾಶ ಇದೆ. ಆದರೆ ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸದಸ್ಯ ಎಂದು ಹೇಳಿಕೊಳ್ಳುವಂತಿಲ್ಲ, ವಾಪಸ್ ಬರುವುದೂ ಸುಲಭವಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬೇಡ. ಬೇರೆಯವರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಯಲ್ಲಿ ನಿಂತು ಗಳಿಸಿದ ದರವನ್ನು ತಗೊಂಡು, ಅವರ ಜೊತೆ ನಿಲ್ಲದೇ ಇರುವುದು ನನಗೆ ಸರಿ ಕಾಣುವುದಿಲ್ಲ.

ಹಂತ 5: ಅರ್ಜಿ, ಹೆಸರು, ದುಡ್ಡು

ಅರ್ಜಿ ಆನ್‌ಲೈನ್‌ನಲ್ಲೇ ಆಗುತ್ತದೆ. ಕೆಲಸ ಮಾಡಿದ್ದಕ್ಕೆ ಪುರಾವೆಯಾಗಿ ಕಾಂಟ್ರಾಕ್ಟ್, ಪೇ ಸ್ಟಬ್, ವೋಚರ್ ಪ್ರತಿಗಳನ್ನು ಇಟ್ಟುಕೊಂಡಿರಿ. ಪೇ ಸ್ಟಬ್ ಎಂದರೆ ಸಂಬಳದ ಚೆಕ್ ಜೊತೆ ಬರುವ ಲೆಕ್ಕದ ಚೀಟಿ. ಚೆಕ್ ಬ್ಯಾಂಕಿಗೆ ಹಾಕಿ ಚೀಟಿ ಬಿಸಾಡಿದವರು ಆಮೇಲೆ ಪರದಾಡಿದ್ದನ್ನು ನೋಡಿದ್ದೇನೆ.

ಹೆಸರಿನ ವಿಷಯ ನಮ್ಮವರಿಗೆ ಮುಖ್ಯ. ಒಂದೇ ಹೆಸರಿನಲ್ಲಿ ಇಬ್ಬರು ಸದಸ್ಯರು ಇರುವಂತಿಲ್ಲ. ನಿಮ್ಮ ಹೆಸರು ಆಗಲೇ ಯಾರದ್ದಾದರೂ ಆಗಿದ್ದರೆ ಬೇರೆ ರೂಪ ಆರಿಸಬೇಕು. ಎರಡು ಮೂರು ಆಯ್ಕೆ ತಯಾರಿಟ್ಟುಕೊಳ್ಳಿ. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ ಸೇರಿಸಬಹುದು. ಇಂಗ್ಲಿಷ್‌ನಲ್ಲಿ ಹೆಸರು ಬರೆಯುವ ರೀತಿ ಪಾಸ್‌ಪೋರ್ಟ್‌ನಲ್ಲಿ ಒಂದು, ಫೇಸ್‌ಬುಕ್‌ನಲ್ಲಿ ಇನ್ನೊಂದು ಇರುತ್ತದಲ್ಲ, ವೃತ್ತಿಯ ಹೆಸರಿಗೆ ಒಂದೇ ಅಕ್ಷರ ಜೋಡಣೆ ಹಿಡಿದು ಅದನ್ನೇ ಎಲ್ಲ ಕಡೆ ಬಳಸಿ. ಅವರ ಬಾಯಿಗೆ ಸುಲಭವಾಗಲಿ ಎಂದು ಹೆಸರನ್ನೇ ಬದಲಿಸಬೇಕಾದ ಕಾಲ ಇದಲ್ಲ. ಕಲಿಸಿದರೆ ಕಲಿಯುತ್ತಾರೆ.

ದುಡ್ಡಿನ ಲೆಕ್ಕ ಹೀಗಿದೆ. ಪ್ರವೇಶ ಶುಲ್ಕ ಲಾಸ್ ಏಂಜಲೀಸ್, ನ್ಯೂಯಾರ್ಕ್‌ನಂಥ ಕಡೆ 3,000 ಡಾಲರ್. ಕೆಲವು ರಾಜ್ಯಗಳಲ್ಲಿ ಕಡಿಮೆ. ವರ್ಷದ ಮೂಲ ಚಂದಾ 200 ಡಾಲರಿಗೆ ಸ್ವಲ್ಪ ಮೇಲೆ. ಅದನ್ನು ಮೇ ಮತ್ತು ನವೆಂಬರ್‌ನಲ್ಲಿ ಎರಡು ಕಂತಾಗಿ ಕಟ್ಟಬೇಕು. ಇದರ ಜೊತೆ ಸಂಘದ ಕೆಲಸದಲ್ಲಿ ದುಡಿದದ್ದರ ಮೇಲೆ ಶೇ. 1.575. ಪ್ರವೇಶ ಶುಲ್ಕ ಒಮ್ಮೆಗೇ ಕಟ್ಟಲು ಕಷ್ಟವಾದರೆ ಕಂತಿನ ದಾರಿ ಇದೆಯೇ ಎಂದು ಕಚೇರಿಯಲ್ಲಿ ಕೇಳಿ. ಕೇಳಲು ನಾಚಿಕೆ ಬೇಡ. ಚಂದಾ ನಿಲ್ಲಿಸಿ ಸದಸ್ಯತ್ವ ಕಳೆದುಕೊಂಡರೆ ಮತ್ತೆ ಸೇರುವುದು ದುಬಾರಿ. ಒಂದೆರಡು ವರ್ಷ ಕೆಲಸ ಮಾಡುವುದಿಲ್ಲ ಎಂದು ಗೊತ್ತಾದರೆ ಸುಮ್ಮನೆ ಬಿಟ್ಟುಬಿಡಬೇಡಿ, ಗೌರವಯುತವಾಗಿ ಹೊರಗಿರಲು (ಆನರಬಲ್ ವಿತ್‌ಡ್ರಾಯಲ್) ಅರ್ಜಿ ಹಾಕಿ.

ಹಂತ 6: ಸೆಟ್‌ನಲ್ಲಿ ನಿಮ್ಮ ಹಕ್ಕು

ಕಾರ್ಡ್ ಪರ್ಸ್‌ನಲ್ಲಿ ಇಟ್ಟುಕೊಂಡರೆ ಸಾಲದು, ಅದು ಏನು ಕೊಡುತ್ತದೆ ಎಂದು ಗೊತ್ತಿರಬೇಕು. ಸ್ಟುಡಿಯೋಗಳ ಜೊತೆಗಿನ 2023ರ ಒಪ್ಪಂದದ ಪ್ರಕಾರ 2025ರ ಜುಲೈ 1ರಿಂದ ಪ್ರಿನ್ಸಿಪಲ್ ನಟರ ಒಂದು ದಿನದ ಸ್ಕೇಲ್ 1,246 ಡಾಲರ್. ಬ್ಯಾಕ್‌ಗ್ರೌಂಡ್‌ನವರಿಗೆ 224 ಡಾಲರ್. ಒಪ್ಪಂದ ಹೊಸದಾದಾಗ ದರವೂ ಬದಲಾಗುತ್ತದೆ. ಕೆಲಸಕ್ಕೆ ಹೋಗುವ ಮುಂಚೆ ಸಂಘದ ವೆಬ್‌ಸೈಟ್‌ನಲ್ಲಿ ರೇಟ್ ಶೀಟ್ ನೋಡಿಕೊಳ್ಳಿ.

ದಿನ ಎಂದರೆ 8 ಗಂಟೆ. ಪ್ರಿನ್ಸಿಪಲ್ ನಟರಿಗೆ 9 ಮತ್ತು 10ನೇ ಗಂಟೆಗೆ ಒಂದೂವರೆ ಪಟ್ಟು, ಅದರ ಮೇಲೆ ಎರಡು ಪಟ್ಟು. ಊಟದ ಹೊತ್ತು ಬಿಟ್ಟು 11 ಗಂಟೆ ಕೆಲಸ ಮಾಡಿದಿರಿ ಎನ್ನಿ. 1,246ಕ್ಕೆ ಎರಡು ಗಂಟೆಯ 467.25 ಮತ್ತು ಕೊನೆಯ ಗಂಟೆಯ 311.50 ಸೇರಿ 2,024.75 ಡಾಲರ್ ಬರಬೇಕು. ಮನೆಗೆ ಬಂದ ಮೇಲೆ ಪೇ ಸ್ಟಬ್ ಜೊತೆ ಈ ಲೆಕ್ಕ ತಾಳೆ ನೋಡಿ.

ಕೆಲಸ ಶುರುವಾಗಿ 6 ಗಂಟೆಯೊಳಗೆ ಊಟ ಕೊಡಬೇಕು. ಕೊಡದಿದ್ದರೆ ನಿರ್ಮಾಪಕರು ಪ್ರಿನ್ಸಿಪಲ್ ನಟರಿಗೆ ದಂಡ ಕೊಡಬೇಕು: ಮೊದಲ ಅರ್ಧ ಗಂಟೆಗೆ 25 ಡಾಲರ್, ಎರಡನೆಯದಕ್ಕೆ 35, ಆಮೇಲೆ ಪ್ರತಿ ಅರ್ಧ ಗಂಟೆಗೆ 50. ಒಂದು ದಿನ ಮುಗಿಸಿ ಮರುದಿನದ ಕೆಲಸಕ್ಕೆ ಕರೆಯುವ ನಡುವೆ ಸಾಮಾನ್ಯವಾಗಿ 12 ಗಂಟೆ ಬಿಡುವು ಇರಬೇಕು.

ಇದೆಲ್ಲ ದಾಖಲಾಗುವುದು ಎಕ್ಸಿಬಿಟ್ ಜಿ ಎನ್ನುವ ಹಾಳೆಯಲ್ಲಿ. ಬಂದ ಸಮಯ, ಊಟದ ಸಮಯ, ಬಿಟ್ಟ ಸಮಯ ಬರೆದು ನಿಮ್ಮ ಸಹಿ ತೆಗೆದುಕೊಳ್ಳುತ್ತಾರೆ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ನಾನು ಶುರುವಿನಲ್ಲಿ ಹಾಕಿದ್ದೆ. ಬೆಳಗ್ಗೆಯೇ ಹಾಳೆ ಮುಂದೆ ಹಿಡಿದರು, ಎಲ್ಲರೂ ಹಾಕುತ್ತಿದ್ದಾರೆ ಎಂದು ನಾನೂ ಹಾಕಿದೆ. ಅಂದು ಊಟ ಸಿಕ್ಕಿದ್ದು ಏಳೂವರೆ ಗಂಟೆಯ ನಂತರ. ಹಾಳೆಯಲ್ಲಿ ಮಾತ್ರ ಆರನೇ ಗಂಟೆಗೆ ಊಟವಾಗಿತ್ತು. 110 ಡಾಲರ್ ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು ನನ್ನ ಸಹಿಯೇ ನನ್ನ ವಿರುದ್ಧ ಸಾಕ್ಷಿಯಾಗಿದ್ದಕ್ಕೆ. ಈಗ ಸಮಯ ತುಂಬಿದ ಮೇಲೆ, ಪೆನ್ನಿನಲ್ಲಿ ಬರೆದಿದ್ದರೆ ಮಾತ್ರ ಸಹಿ ಹಾಕುತ್ತೇನೆ. ನನ್ನ ಪುಟ್ಟ ಡೈರಿಯಲ್ಲೂ ಸಮಯ ಬರೆದುಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ. ತಕರಾರಿದ್ದರೆ ಸೆಟ್‌ನಲ್ಲಿ ಜಗಳ ಬೇಡ, ಸಂಘದ ಕಚೇರಿಗೆ ಅದೇ ದಿನ ಫೋನ್ ಮಾಡಿ. ಅವರಿರುವುದೇ ಅದಕ್ಕೆ.

ಇನ್ನು ದೇಹವನ್ನು ಸ್ಕ್ಯಾನ್ ಮಾಡುವ ವಿಷಯ. 2023ರಲ್ಲಿ ಜುಲೈ 14ರಿಂದ 118 ದಿನ ಮುಷ್ಕರ ನಡೆಯಲು ಇದೂ ದೊಡ್ಡ ಕಾರಣವಾಗಿತ್ತು. ನಟರ ಮುಖ, ಮೈ, ದನಿಯನ್ನು ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡು ಬೇಕಾದಷ್ಟು ಸಲ ಬಳಸಿದರೆ ಮುಂದೆ ನಟರೇ ಬೇಡವಾಗುತ್ತಾರಲ್ವಾ? ಒಪ್ಪಂದದಲ್ಲಿ ಈಗ ಇದಕ್ಕೆ ಡಿಜಿಟಲ್ ರೆಪ್ಲಿಕಾ ಎಂದು ಹೆಸರು. ನಿಮ್ಮ ಸ್ಪಷ್ಟ ಒಪ್ಪಿಗೆ ಬೇಕು, ಬಳಕೆಗೆ ದುಡ್ಡು ಕೊಡಬೇಕು, ಸ್ಕ್ಯಾನ್ ಇದೆ ಎಂದು ಸಾಮಾನ್ಯವಾಗಿ 48 ಗಂಟೆ ಮುಂಚೆ ತಿಳಿಸಬೇಕು. "ಆ ಟೆಂಟ್‌ಗೆ ಹೋಗಿ ಎರಡು ನಿಮಿಷ ನಿಂತು ಬನ್ನಿ" ಎಂದು ಯಾರಾದರೂ ಹೇಳಿದರೆ ಅಲ್ಲಿ ಕ್ಯಾಮೆರಾ ಎಷ್ಟಿದೆ ನೋಡಿ. ಯಾಕೆ ಎಂದು ಕೇಳಿ. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ. ವಿಡಿಯೋ ಗೇಮ್‌ಗೆ ದನಿ ಕೊಡುವವರೂ ಇದೇ ವಿಷಯಕ್ಕೆ 2024ರ ಜುಲೈಯಿಂದ ಸುಮಾರು 11 ತಿಂಗಳು ಮುಷ್ಕರ ಹೂಡಿದ್ದರು.

ಆರೋಗ್ಯ ವಿಮೆ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಕಾರ್ಡ್ ಬಂದ ಕೂಡಲೇ ವಿಮೆ ಬರುವುದಿಲ್ಲ. ವರ್ಷಕ್ಕೆ ಸುಮಾರು 28,000 ಡಾಲರ್ ಸಂಘದ ಕೆಲಸದಲ್ಲೇ ದುಡಿದಿರಬೇಕು. ಹೆಚ್ಚಿನ ಸದಸ್ಯರು ಅಷ್ಟು ಮುಟ್ಟುವುದಿಲ್ಲ. ಕೈಯಲ್ಲಿರುವ ಕೆಲಸದ ವಿಮೆಯನ್ನು ಇದನ್ನು ನಂಬಿ ಬಿಡಬೇಡಿ.

ಹಂತ 7: ಕನ್ನಡ ಸಿನಿಮಾದಲ್ಲಿ ನಟಿಸಬಹುದಾ?

ಸದಸ್ಯರಾದ ಕನ್ನಡಿಗರು ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಇಲ್ಲೇ. ಸಂಘದ ಮೊದಲ ನಿಯಮದ ಹೆಸರು ಗ್ಲೋಬಲ್ ರೂಲ್ ಒನ್. ಸಂಘದ ಜೊತೆ ಒಪ್ಪಂದ ಇಲ್ಲದ ನಿರ್ಮಾಪಕರಿಗೆ ಸದಸ್ಯರು ಕೆಲಸ ಮಾಡುವಂತಿಲ್ಲ, ಮಾಡುತ್ತೇನೆ ಎಂದು ಒಪ್ಪಿಕೊಳ್ಳುವಂತೆಯೂ ಇಲ್ಲ. ಅದು ಪ್ರಪಂಚದ ಯಾವ ಮೂಲೆಯಾದರೂ ಸರಿ. ರಜೆಗೆ ಬೆಂಗಳೂರಿಗೆ ಹೋದಾಗ ಸ್ನೇಹಿತರ ಸಿನಿಮಾದಲ್ಲಿ ಎರಡು ದಿನದ ಪಾತ್ರ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡು ಚಿತ್ರೀಕರಿಸಲು ಬಂದ ಕನ್ನಡ ತಂಡದಲ್ಲಿ ಒಂದು ಸಣ್ಣ ಪಾತ್ರ, ಇವೆರಡಕ್ಕೂ ಈ ನಿಯಮ ಬಾಧಿಸಬಹುದು. "ಇದು ನಮ್ಮ ಭಾಷೆ, ಅವರಿಗೇನು ಗೊತ್ತಾಗುತ್ತೆ" ಎನ್ನಬೇಡಿ. ಒಟಿಟಿಯಲ್ಲಿ ಎಲ್ಲವೂ ಕಾಣುತ್ತದೆ. ದಂಡದಿಂದ ಹಿಡಿದು ಸದಸ್ಯತ್ವ ರದ್ದಾಗುವವರೆಗೆ ಶಿಕ್ಷೆ ಇದೆ.

ಮಾತು ಕೊಡುವ ಮುಂಚೆ ಸಂಘಕ್ಕೆ ಫೋನ್ ಮಾಡಿ. ನಿರ್ಮಾಪಕರು ಯಾರು, ಎಲ್ಲಿ ಚಿತ್ರೀಕರಣ, ಎಷ್ಟು ದಿನ ಎಂದು ಹೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ಊರಿನ ನಿರ್ಮಾಪಕರಿಗೂ ಮೊದಲೇ ಹೇಳಿಬಿಡಿ. ಪೂಜೆ ಮುಗಿದ ಮೇಲೆ ಹೇಳಿದರೆ ಇಬ್ಬರಿಗೂ ಕಷ್ಟ.

ಇಲ್ಲೇ ಕಿರುಚಿತ್ರ ಮಾಡುವ ನಮ್ಮ ಹುಡುಗರಿಗೆ ಒಳ್ಳೆಯ ಸುದ್ದಿ ಇದೆ. ಸಿಗ್ನೇಟರಿ ಆಗಲು ದೊಡ್ಡ ಸ್ಟುಡಿಯೋ ಆಗಬೇಕಿಲ್ಲ. ವಿದ್ಯಾರ್ಥಿಗಳ ಚಿತ್ರಕ್ಕೆ ಬೇರೆ ಒಪ್ಪಂದ, 50,000 ಡಾಲರ್ ಒಳಗಿನ ಕಿರುಚಿತ್ರಕ್ಕೆ ಬೇರೆ, 3 ಲಕ್ಷ ಡಾಲರ್ ಒಳಗಿನ ಚಿತ್ರಕ್ಕೆ ಬೇರೆ ಒಪ್ಪಂದ ಇವೆ. ಕಾಗದದ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಚಿತ್ರೀಕರಣಕ್ಕೆ ಒಂದು ತಿಂಗಳಾದರೂ ಮುಂಚೆ ಶುರು ಮಾಡಿ.

ಮಕ್ಕಳನ್ನು ಸೇರಿಸುವವರಿಗೆ

ಎಚ್-4ನಲ್ಲಿರುವ ಮಗುವಿಗೂ ಕೆಲಸ ಮಾಡುವ ಹಕ್ಕಿಲ್ಲ. ಇಲ್ಲೇ ಹುಟ್ಟಿದ ತಮ್ಮ ಮಾಡಬಹುದು, ಬೆಂಗಳೂರಿನಲ್ಲಿ ಹುಟ್ಟಿದ ಅಕ್ಕ ಮಾಡುವಂತಿಲ್ಲ ಎಂಬ ಸಂಕಟ ಕೆಲವು ಮನೆಗಳಲ್ಲಿದೆ. ಮಕ್ಕಳಿಗೆ ಮೊದಲೇ ತಿಳಿಸಿ ಹೇಳಿ.

ಕ್ಯಾಲಿಫೋರ್ನಿಯಾದಲ್ಲಿ ಮಗುವಿಗೆ ಆರು ತಿಂಗಳಿಗೊಮ್ಮೆ ನವೀಕರಿಸುವ ಕೆಲಸದ ಪರ್ಮಿಟ್ ಬೇಕು. ಜೊತೆಗೆ ಕೂಗನ್ ಖಾತೆ ಎಂಬ ಬ್ಯಾಂಕ್ ಖಾತೆ. ಚಾರ್ಲಿ ಚಾಪ್ಲಿನ್ ಜೊತೆ ನಟಿಸಿ ಹೆಸರಾದ ಬಾಲನಟ ಜಾಕಿ ಕೂಗನ್ ದೊಡ್ಡವನಾದ ಮೇಲೆ ನೋಡಿದರೆ ದುಡಿದ ದುಡ್ಡೆಲ್ಲ ಮನೆಯವರ ಕೈಯಲ್ಲಿ ಖರ್ಚಾಗಿತ್ತು. ಆ ಪ್ರಕರಣದಿಂದ 1939ರಲ್ಲಿ ಕಾನೂನು ಬಂತು. ಈಗ ಮಗುವಿನ ಸಂಬಳದ ಶೇ. 15 ನೇರವಾಗಿ ಆ ಖಾತೆಗೆ ಹೋಗುತ್ತದೆ. ಮಗುವಿಗೆ 18 ತುಂಬುವವರೆಗೆ ಅಪ್ಪ ಅಮ್ಮನೂ ಅದನ್ನು ಮುಟ್ಟುವಂತಿಲ್ಲ. ನ್ಯೂಯಾರ್ಕ್‌ನಲ್ಲೂ ಇಂಥದೇ ನಿಯಮವಿದೆ. 16 ವರ್ಷದೊಳಗಿನ ಮಗುವಿನ ಜೊತೆ ಪೋಷಕರು ಕಣ್ಣಿಗೆ ಕಾಣುವ ಅಥವಾ ಕಿವಿಗೆ ಕೇಳುವ ದೂರದಲ್ಲೇ ಇರಬೇಕು ಎನ್ನುವುದು ಕ್ಯಾಲಿಫೋರ್ನಿಯಾ ನಿಯಮ. "ನೀವು ಹೊರಗೆ ಕೂತಿರಿ" ಎಂದರೆ ಒಪ್ಪಬೇಡಿ.

ಊರಿನಿಂದ ಬರುವ ಕಲಾವಿದರಿಗೆ

ವೃತ್ತಿಪರ ನಟರು ಇಲ್ಲಿ ಬಂದು ಕೆಲಸ ಮಾಡಲು ಒ-1 ವೀಸಾ ಹಾಕುವಾಗ ಸಂಬಂಧಪಟ್ಟ ಸಂಘದ ಅಭಿಪ್ರಾಯ ಪತ್ರ ಬೇಕು. ಸಿನಿಮಾ, ಟಿವಿ ಕೆಲಸವಾದರೆ ನಿರ್ಮಾಪಕರ ಕಡೆಯ ಸಂಸ್ಥೆಯದ್ದೂ ಬೇಕು. ಯಕ್ಷಗಾನ, ಡೊಳ್ಳು ಕುಣಿತದಂಥ ತಂಡಗಳು ಸಾಮಾನ್ಯವಾಗಿ ನೋಡುವುದು ಪಿ-3 ವೀಸಾ. ಅದಕ್ಕೂ ಸಂಘದ ಪತ್ರ ಬೇಕು. ಇದಕ್ಕೆ ಸದಸ್ಯರಾಗಿರಬೇಕಿಲ್ಲ. ಕರೆಸುವ ಕನ್ನಡ ಸಂಘದವರು ಟಿಕೆಟ್ ಮಾರಾಟ ಶುರು ಮಾಡುವ ಮುಂಚೆ ಈ ಪತ್ರಕ್ಕೆ ಅರ್ಜಿ ಹಾಕಿ.

ವಿಳಾಸ ಬದಲಾದರೆ ತಿಳಿಸಿ

ಕೊನೆಯ ಹಂತ ಸಣ್ಣದು, ಆದರೆ ಮರೆಯುವವರೇ ಜಾಸ್ತಿ. ನಿಮ್ಮ ಕೆಲಸ ಮತ್ತೆ ಮತ್ತೆ ಪ್ರಸಾರವಾದಾಗ, ಬೇರೆ ವೇದಿಕೆಗೆ ಮಾರಾಟವಾದಾಗ ನಿಮಗೂ ಒಂದು ಪಾಲು ಬರುತ್ತದೆ. ಅದೇ ರೆಸಿಡ್ಯುಯಲ್. 1960ರ ಮುಷ್ಕರದಲ್ಲಿ ಸಿನಿಮಾ ನಟರಿಗೆ ಸಿಕ್ಕ ಹಕ್ಕು ಇದು. ಆಗ ಸ್ಯಾಗ್ ಅಧ್ಯಕ್ಷರಾಗಿದ್ದವರು ಮುಂದೆ ದೇಶದ ಅಧ್ಯಕ್ಷರಾದ ರೊನಾಲ್ಡ್ ರೇಗನ್. ಬ್ಯಾಕ್‌ಗ್ರೌಂಡ್‌ನವರಿಗೆ ಸಾಮಾನ್ಯವಾಗಿ ಇದು ಇಲ್ಲ, ಡೈಲಾಗ್ ಇದ್ದವರಿಗೆ ಇದೆ. ಕೆಲವು ಸಲ ಬರುವುದು ಎರಡು ಡಾಲರ್, ಕೆಲವು ಸಲ ಒಂದು ತಿಂಗಳ ದಿನಸಿಗೆ ಆಗುವಷ್ಟು.

ಸಂಘದ ವೆಬ್‌ಸೈಟ್‌ನಲ್ಲಿ ವಾರಸುದಾರರಿಗೆ ತಲುಪದೆ ಉಳಿದ ರೆಸಿಡ್ಯುಯಲ್ ಹುಡುಕುವ ಪುಟವಿದೆ. ವರ್ಷಗಳ ಹಿಂದೆ ಒಂದು ದಿನ ಕೆಲಸ ಮಾಡಿ ಮರೆತಿದ್ದರೂ ನಿಮ್ಮ ಹೆಸರು ಹಾಕಿ ನೋಡಿ. ಹೆಸರನ್ನು ಅವರು ಬರೆದಿರಬಹುದಾದ ಎಲ್ಲ ರೀತಿಯ ಅಕ್ಷರ ಜೋಡಣೆಯಲ್ಲೂ ಹುಡುಕಿ.